ಮಗ್ಗ ನಿಲ್ಲಿಸುವ ಹಾಡು ಮತ್ತು ನಿಮ್ಮ ನೋಟಿಸು

ಮಾನ್ಯ ಠಾಣಾಧಿಕಾರಿಗಳೇ,

ನಮ್ಮ ಮಗ್ಗದ ಓಣಿಯ ಶಾಲೆಯಲ್ಲಿ ಹದಿನೆಂಟು ಮಕ್ಕಳು ಹಾಡುವ ಹಾಡಿನಿಂದ ಶಾಂತಿ ಕದಡುತ್ತದೆ, ಇನ್ನು ಮುಂದೆ ಹಾಡಕೂಡದು ಎಂದು ನೋಟಿಸು ಕೊಟ್ಟಿದ್ದೀರಿ. ಶಾಂತಿಯ ಮೇಲೆ ತಮಗಿರುವ ಮಮತೆ ದೊಡ್ಡದು. ಕಳೆದ ಶ್ರಾವಣದಲ್ಲಿ ಇದೇ ಓಣಿಯ ಶೆಡ್ಡಿನಲ್ಲಿ ನೇಕಾರ ವಸೀಮನ ತಲೆಗೆ ಕಬ್ಬಿಣದ ಸಲಾಕೆ ಬಿದ್ದು ಗೋಡೆಗೆ ಎದೆಮಟ್ಟ ರಕ್ತ ಸಿಡಿದಾಗ ಶಾಂತಿ ಅಚ್ಚುಕಟ್ಟಾಗಿಯೇ ಇತ್ತು. ನಲವತ್ತು ಮಗ್ಗಗಳ ಸದ್ದಿನಲ್ಲಿ ಅವನು ಕಿರುಚಿದ್ದು ಯಾರಿಗೂ ಕೇಳಲಿಲ್ಲ. ನಿಮ್ಮ ಕಡತದಲ್ಲಿ ಅವನು ಕಾಲು ಜಾರಿ ಬಿದ್ದು ಸತ್ತಿದ್ದಾನೆ. ತಲೆಬುರುಡೆ ಮೂರು ಕಡೆ ಒಡೆದಿತ್ತಲ್ಲ? ಪುಣ್ಯಾತ್ಮ ಒಂದೇ ಉಸಿರಿಗೆ ಮೂರು ಸಲ ಜಾರಿರಬೇಕು.

ನಮ್ಮಲ್ಲಿ ಸಾವಾದರೆ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತವೆ. ಗುಲನಾಜ ಟೀಚರು ಆ ಪದ್ಧತಿಯನ್ನೇ ಹಾಡಿಗೆ ತಂದರು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಮಕ್ಕಳು ಕಾಲಿನಿಂದ ಮಗ್ಗದ ತಾಳ ಬಡಿಯುತ್ತ ಕನ್ನಡದಲ್ಲೊಂದು ನುಡಿ, ಮರಾಠಿಯಲ್ಲೊಂದು ನುಡಿ ಹಾಡಿದರು. ಫಕ್ಕನೆ ಎಲ್ಲ ಕಾಲುಗಳೂ ನಿಂತವು. ಆ ಮೌನದಲ್ಲಿ ವಸೀಮನ ಮಗಳು ಸುಮಯ್ಯಾ ಒಬ್ಬಳೇ ಹಾಡಿ ಕೇಳಿದಳು: ಅಬ್ಬಾನ ಮಗ್ಗ ಯಾರು ನಿಲ್ಲಿಸಿದರು?

ವಸೀಮನ ಶೆಡ್ಡಿನಲ್ಲೇ ದುಡಿಯುವ ಬಾಳೇಶ ಜನರ ನಡುವಿನಿಂದ ಎದ್ದು, ಕಂಬಕ್ಕೆ ಹಣೆ ಚಚ್ಚಿಕೊಂಡ. "ನಾನ ಹೊಡದೇನ್ರಿ. ಅಂವ ನನ್ನ ಕೂಡ ಪಾಳಿ ಬದಲಿ ಮಾಡವಲ್ಲ ಅಂತ ಮೂರ ಏಟ ಹಾಕೇನಿ."

ಹಣೆಯ ರಕ್ತವನ್ನೂ ಒರೆಸಿಕೊಳ್ಳದೆ ಅವನು ಠಾಣೆಗೆ ಬಂದರೆ ತಾವು ಹೇಳಿದ್ದೇನು? "ಹಾಡ ಕೇಳಿ ತಲಿ ಕೆಟ್ಟೈತಿ ಲೇ ನಿನಗ. ಕೇಸ್ ಮುಗದೈತಿ. ಕಂಡಾವ್ರು ಯಾರರ ಅದಾರೇನ? ಮನಿಗಿ ಹೋಗಿ ಮಕ್ಕೊ."

ವಸೀಮನ ತಾಯಿ ರಹಿಮಾಬಿ ಠಾಣೆಯ ಬಾಗಿಲಲ್ಲೇ ನಿಂತಿದ್ದರು. "ಸಾಹೇಬ್ರ, ಕೊಂದಾಂವ ಹೇಳಾಕ ತಯಾರದಾನ. ಬರಕೊಳ್ಳಾಕ ನಿಮಗ ಪೆನ್ನ ಸಿಗವಲ್ದೇನ್ರಿ?"

ಇದಾಗಿ ಮೂರು ತಿಂಗಳು. ಈಗಲೂ ಕರೆಂಟು ಹೋಗಿ ಮಗ್ಗಗಳು ನಿಂತರೆ ಓಣಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರ ಕಿವಿಯಲ್ಲೂ ಆ ಹುಡುಗಿಯ ಪ್ರಶ್ನೆ. ಇನ್ನು ಕರೆಂಟಿಗೂ ನೋಟಿಸು ಕೊಡುತ್ತೀರಾ?

ಹಾಡಿನ ಮೇಲಿನ ನೋಟಿಸು ಹಿಂದಕ್ಕೆ ಪಡೆಯಿರಿ. ಬಾಳೇಶನ ಹೇಳಿಕೆ ಬರೆದುಕೊಳ್ಳಿ. ಕಂಡವರು ಬೇಕೆಂದಿರಲ್ಲ, ಒಬ್ಬನಿದ್ದಾನೆ. ಪಕ್ಕದ ಶೆಡ್ಡಿನ ಕಿಟಕಿಯಿಂದ ಮೂರೂ ಏಟು ನೋಡಿದ. ನಾಲ್ಕನೆಯದು ತನಗೆ ಬಿದ್ದೀತೆಂದು ಕಿಟಕಿ ಮುಚ್ಚಿ, ಮತ್ತೆ ಮಗ್ಗ ಚಾಲೂ ಮಾಡಿದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನು ಠಾಣೆಗೆ ಬರುತ್ತಾನೆ. ಪೆನ್ನು ಅವನೇ ತರುತ್ತಾನೆ.

ಇಂತಿ,
ಹಾಡಿನ ತನಕ ಬಾಯಿ ಬಿಡದ,
ಪಕ್ಕದ ಶೆಡ್ಡಿನ ಮಾಲೀಕ