ಹತ್ತು ಕಿಲೋಮೀಟರಿನ ನಂತರ

ಮನೆಯಿಂದ, ಮಾರ್ಚ್ ೧೪, ಗುರುವಾರ
ಮಧ್ಯಾಹ್ನ, ಮಗು ಮಲಗಿರುವಾಗ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಡಮಂಡಿಯ ನೋವು ಕಡಿಮೆಯಾಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಎಲ್ಲಿದ್ದೀಯೋ ಗೊತ್ತಿಲ್ಲ, ಪತ್ರ ತಲುಪಿಸುತ್ತೇನೆಂದು ನಿನ್ನ ಕೋಚ್ ಹೇಳಿದ್ದಾರೆ. ನೀನಿನ್ನೂ ನೋಡದ ನಿನ್ನ ಸೊಸೆಗೆ ಎಂಟು ತಿಂಗಳು, ಎರಡು ಹಲ್ಲು. ಅವಳಿಗೆ ನಿದ್ದೆಯಿಲ್ಲ, ಹಾಗಾಗಿ ನನಗೂ ಇಲ್ಲ. ಅಪ್ಪಿತಪ್ಪಿ ಮಲಗಿದರೆ ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಕೆಳಗೆ ಬೆರಳಿಟ್ಟು ನಾನೇ ಎಬ್ಬಿಸಿಬಿಡುತ್ತೇನೆ.

ಹೋದ ತಿಂಗಳು ಮ್ಯಾರಥಾನಿನವರಿಂದ ನಿನ್ನ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಎದೆಗೆ ಸಿಕ್ಕಿಸಿಕೊಳ್ಳುವ ನಂಬರು, ಅದರ ಹಿಂದೆ, ಓಡುವವರು ಎಲ್ಲಿ ದಾಟಿದರೆಂದು ಗುರುತಿಸಲು ಅಂಟಿಸಿದ ಚಿಪ್. ಅಮ್ಮ ನೋಡಿದರೆ ಅಳುತ್ತಾಳೆಂದು ಬಟ್ಟೆಗಳ ಕೆಳಗೆ ಬಚ್ಚಿಟ್ಟೆ. ಭಾನುವಾರ ಅದನ್ನು ನಾನೇ ಸಿಕ್ಕಿಸಿಕೊಂಡು ಹೋದೆ. ಓಡುವ ಆಸೆಯೇನಲ್ಲ, ಯಾರೂ ನನ್ನನ್ನು ಕರೆಯದ ಎರಡು ಗಂಟೆ ಬೇಕಿತ್ತು. ನಮ್ಮ ಯಜಮಾನರು ಮಗುವನ್ನು ಎತ್ತಿಕೊಂಡರು, ಅಮ್ಮನಿಗೆ ಗೆಳತಿಯ ಮನೆ ಎಂದೆ. ಅರ್ಧ ಓಡಿದೆ, ಅರ್ಧ ನಡೆದೆ. ಖುಷಿಯೂ ಆಗಲಿಲ್ಲ, ಸುಸ್ತೂ ಆಗಲಿಲ್ಲ. ಹತ್ತು ಕಿಲೋಮೀಟರ್ ದಾಟಿದ ಮೇಲೆ ಎದೆಹಾಲು ಸೋರಿ ಅಂಗಿ ಒದ್ದೆಯಾಗಿದ್ದು ಕಂಡಿತು. ನಂಬರು ಕಿತ್ತು ಕಸದ ಬುಟ್ಟಿಗೆ ಹಾಕಿ ಬಸ್ಸು ಹತ್ತಿದೆ.

ಮನೆಯಲ್ಲಿ ಅಮ್ಮ ಫೋನ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಓಟದ ಸುದ್ದಿ ತಿಳಿಸಲು ನೀನು ಅರ್ಜಿಯಲ್ಲಿ ಅವಳ ಫೋನ್ ನಂಬರು ಕೊಟ್ಟಿದ್ದೆಯಂತೆ. ಹೊರಟ, ಐದು ದಾಟಿದ, ಹತ್ತು ದಾಟಿದ ಎಂದು ನಿನ್ನ ಹೆಸರಿನಲ್ಲಿ ಮೂರು ಮೆಸೇಜು ಬಂದಿವೆ. ಆಮೇಲೆ ಏನೂ ಇಲ್ಲ. "ಹತ್ತರ ತನಕ ಬಂದಿದ್ದಾನೆ ಕಣೇ, ಆಮೇಲೆ ನನ್ ಮಗ ಎಲ್ಲಿ ಹೋದ?" ನಾನು ಒಳಗೆ ಹೋಗಿ ಮಗುವಿಗೆ ನೀರು ಕಾಯಿಸಲು ಇಟ್ಟೆ.

ಗ್ರೀಸಿನ ಆ ದೂತನ ಕಥೆಯನ್ನು ನೀನು ಊಟದ ಮೇಜಿನಲ್ಲಿ ಹೇಳುತ್ತಿದ್ದೆಯಲ್ಲ. ಮ್ಯಾರಥಾನ್ ಎಂಬ ರಣರಂಗದಿಂದ ಅಥೆನ್ಸಿನವರೆಗೆ ಓಡಿ, "ಗೆದ್ದೆವು" ಎಂದು ಹೇಳಿ ಸತ್ತುಬಿದ್ದವನು. ಪ್ರತಿ ಸಲವೂ ಅಮ್ಮ, "ಅವನಮ್ಮನಿಗೆ ಯಾರು ಹೇಳಿದ್ರೋ?" ಎಂದು ಕೇಳುತ್ತಿದ್ದಳು. "ಅದೆಲ್ಲ ಕಥೇಲಿಲ್ಲಮ್ಮ, ನೀನು ಸಾರು ಹಾಕು" ಎಂದು ನೀನು ನಗುತ್ತಿದ್ದೆ.

ಈಗ ನಾಲ್ಕು ದಿನದಿಂದ ಅವಳು ಬೆಳಿಗ್ಗೆ ಎದ್ದು ನಿನ್ನ ಫೋಟೋ ಹಿಡಿದು ಆ ಹತ್ತನೇ ಕಿಲೋಮೀಟರಿನ ಜಾಗಕ್ಕೆ ಹೋಗುತ್ತಾಳೆ. ಟೈರ್ ಅಂಗಡಿಯವನನ್ನೂ ಔಷಧಿ ಅಂಗಡಿಯವನನ್ನೂ ಕೇಳುತ್ತಾಳೆ. ಬಂದು ಹೊಟ್ಟೆತುಂಬ ಉಣ್ಣುತ್ತಾಳೆ. ನೀನು "ನಾನು ಸತ್ತೆ ಅಂತ ತಿಳ್ಕೊ" ಎಂದು ಬಾಗಿಲು ಬಡಿದು ಹೋದ ಮೇಲೆ, ಈ ಹನ್ನೊಂದು ತಿಂಗಳಲ್ಲಿ ಅವಳು ಹೀಗೆ ಉಂಡದ್ದನ್ನು ನಾನು ನೋಡಿಲ್ಲ. ಅದಕ್ಕೇ ನಿಜ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ನಮ್ಮ ಯಜಮಾನರ ನಮಸ್ಕಾರ, ನಿನ್ನ ಸೊಸೆಯ ಎರಡು ಹಲ್ಲಿನ ನಗು.

ನಿನ್ನ ತಂಗಿ,
ಪುಟ್ಟಿ

ಮರೆತೆ: ಮಗು ಎದ್ದಳು, ಬೇಗ ಬರೆಯುತ್ತೇನೆ. ಅಮ್ಮ ಸೋಮವಾರ ಪೊಲೀಸರ ಹತ್ತಿರ ಹೋಗುತ್ತಾಳಂತೆ. ಹೊರಡುವ ಮೊದಲು ಓಡಿದ್ದು ನಾನೆಂದು ಹೇಳಿಬಿಡುತ್ತೇನೆ. ಲಕೋಟೆಯಲ್ಲಿದ್ದ ನಿನ್ನ ಅರ್ಜಿಯ ಪ್ರತಿಯನ್ನು ಇವತ್ತು ಓದಿದೆ. ನೀನು ಅದನ್ನು ತುಂಬಿದ್ದು ಮನೆ ಬಿಟ್ಟ ಮೂರು ತಿಂಗಳ ಮೇಲೆ; ಆಗಲೂ ಅಮ್ಮನ ನಂಬರನ್ನೇ ಬರೆದಿದ್ದೀಯ. ಅವಳ ನಂಬರು ಈಗಲೂ ಅದೇ. ಸೋಮವಾರದೊಳಗೆ ಫೋನ್ ಮಾಡು.