ಕಂಠಪಾಠವಲ್ಲದ ಓದು

ಅಕ್ಷರಕ್ಕೆ ನಾದವನ್ನಿತ್ತ ಭಗವಂತನಿಗೆ ವಂದಿಸಿ, ವರ್ಷದ ಮೂರನೆಯ ತಿಂಗಳ ಹತ್ತನೆಯ ದಿನ, ಗುರುವಾರ ಪ್ರಾತಃಕಾಲ ಬರೆದದ್ದು.

ಒಂದನೆಯ ತರಗತಿಯ ಶಿಕ್ಷಕಿಯವರಿಗೆ ಪುಟ್ಟಿಯ ತಾತನ ಆಶೀರ್ವಾದಗಳು.

ಪುಟ್ಟಿ ಪಾಠವನ್ನು ಗಿಣಿಯಂತೆ ಒಪ್ಪಿಸುವುದನ್ನೇ ಓದೆಂದು ಬಗೆದು ನಾನು ಬೀಗಿದ್ದೆ. ನೀವು ಪುಸ್ತಕದ ಚಿತ್ರವನ್ನು ಅಂಗೈಯಿಂದ ಮುಚ್ಚಿ, "ಈಗ ಓದು ಕಂದಾ" ಎಂದಾಗ ಅವಳಿಗೆ ಒಂದಕ್ಷರವೂ ಓದಲಾಗಲಿಲ್ಲ.

"ನಲವತ್ತು ವರ್ಷ ಶಾಸ್ತ್ರ ಓದಿದವನ ಮೊಮ್ಮಗಳಮ್ಮ ಇವಳು!" ಎಂದು ಗುಡುಗಿದೆ.

"ಓದಿದ್ದು ನೀವು ತಾತ, ಅವಳಲ್ಲವಲ್ಲ" ಎಂದು ನಕ್ಕಿರಿ.

ಆಮೇಲೆ ನೀವು ತಿಂಗಳುಗಟ್ಟಲೆ ಒಂದೊಂದೇ ಅಕ್ಷರದ ದನಿ ಕೂಡಿಸಿ ಕಲಿಸಿದಿರಿ. ಆ ಆಮೆನಡಿಗೆಯನ್ನು ಸಹಿಸದೆ, ತರಗತಿ ಬದಲಿಸಬೇಕೆಂದು ನಾನು ಮುಖ್ಯೋಪಾಧ್ಯಾಯರಿಗೆ ದೂರಿತ್ತೆ. ಸೋಮವಾರದಿಂದ ಬದಲಿಸುವುದಾಗಿ ಅವರು ಒಪ್ಪಿಯೂ ಆಗಿದೆ.

ನಿನ್ನೆ ಸಂಜೆ ಆ ದೂರಿನ ಪ್ರತಿ ನನ್ನ ಮೇಜಿನ ಮೇಲಿತ್ತು. ಪುಟ್ಟಿ ಅದರ ಮೇಲೆ ಬೆರಳಿಟ್ಟು, ಒತ್ತಕ್ಷರವನ್ನೂ ಬಿಡದೆ ಓದಿದಳು: "ಈ... ಶಿಕ್ಷಕಿಗೆ... ಕಲಿಸಲು... ಬಾರದು." ಅದರಲ್ಲಿ ಚಿತ್ರವಿರಲಿಲ್ಲ, ಯಾರೂ ಅದನ್ನು ಅವಳಿಗೆ ಬಾಯಿಪಾಠ ಮಾಡಿಸಿರಲಿಲ್ಲ.

"ತಾತ, ಇದ್ಯಾರು ಬರೆದಿದ್ದು? ಬರೀ ಸುಳ್ಳು!" ಎಂದಳು.

ನಡುನೋವನ್ನೂ ಮರೆತು ಅವಳನ್ನು ಹೆಗಲೇರಿಸಿಕೊಂಡು ಬೀದಿಯೆಲ್ಲ ಸುತ್ತಿದೆ. ಕಂಡ ಕಂಡ ಅಂಗಡಿಯ ಫಲಕಗಳನ್ನೆಲ್ಲ ಅವಳು ಕೂಗಿ ಕೂಗಿ ಓದಿದಳು. ಜನ ಹೊರಗೆ ಬಂದು ನೋಡಿದರು.

ದೂರನ್ನು ಇಂದೇ ಹಿಂಪಡೆಯುವೆ. ಪುಟ್ಟಿಯನ್ನು ದಯಮಾಡಿ ನಿಮ್ಮಲ್ಲೇ ಉಳಿಸಿಕೊಳ್ಳಿ. ಬರೆದವರು ಯಾರೆಂದು ಅವಳಿಗೆ ನಾನೇ ಹೇಳುವೆ. ಅದಕ್ಕೆ ಒಂದೆರಡು ದಿನದ ಅವಕಾಶ ಬೇಡುವೆ.

ಇಂತು,
ಪುಟ್ಟಿಯ ತಾತ

ಕಲಿಸುವ ನಿಮಗೂ, ಕಲಿಯುವ ಕಂದಮ್ಮಗಳಿಗೂ, ತಡವಾಗಿ ಕಲಿತ ಈ ಮುದುಕನಿಗೂ ಭಗವಂತನು ಮಂಗಳವನ್ನುಂಟುಮಾಡಲಿ.