ಬೋಳು ಬೆಕ್ಕಿನ ಶನಿವಾರದ ಸ್ನಾನ

ವೆರ್ಬೋವಿ ಹಳ್ಳಿ, ದೋನ್ ನದಿಯ ದಂಡೆ
ಮಾರ್ಚ್ 9, 2003, ಕ್ಷಮೆಯ ಭಾನುವಾರ

ಪ್ರೀತಿಯ ಉಲ್ಯಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ರೊಸ್ತೋವಿನದು ಒದ್ದೆ ಚಳಿ, ಎಲುಬಿನೊಳಕ್ಕೆ ಇಳಿಯುತ್ತದೆ. ಹಳ್ಳಿಯ ಚಳಿಯ ಹಾಗೆ ಮರ್ಯಾದೆಯಿಂದ ಬಾಗಿಲಾಚೆ ನಿಲ್ಲುವ ಜಾತಿಯದಲ್ಲ. ಬಿಸಿ ಹಾಲಿಗೆ ಜೇನು ಹಾಕಿ ಕುಡಿ. ನಿನ್ನ ಗಂಡ ಕಿರಿಲ್ಲನ ಬೆನ್ನುನೋವು ಹೇಗಿದೆ? ಅವನ ತಾಯಿ ಜಿನಾಯಿದಾ ಅವರ ರಕ್ತದೊತ್ತಡ? ಕೇಳುವುದು ರೂಢಿ, ಅದಕ್ಕೇ ಕೇಳಿದೆ. ನನ್ನ ಆರೋಗ್ಯಕ್ಕೇನು, ಈ ವಯಸ್ಸಿನಲ್ಲೂ ಹೊಳೆಯ ಮಂಜುಗಡ್ಡೆ ಕೊರೆದು ಮೀನು ಹಿಡಿಯುವವನು ಈ ದಂಡೆಯಲ್ಲಿ ನಾನೊಬ್ಬನೇ. ಉಳಿದವರು ಹಿಡಿಯುವುದು ನೆಗಡಿಯನ್ನು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಮಾಮ, ಕೆಲಸದಲ್ಲಿದೀನಿ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ, ಕೊನೆಯವರೆಗೂ ಓದಲೇಬೇಕು. ಹಳ್ಳಿ ಶಾಲೆಯ ಏಳು ತರಗತಿ ಓದಿದವನಿಗೆ ಇಷ್ಟು ಉಪಾಯ ಸಾಕು.

ಮೊದಲು ನಿನ್ನ ಬೆಕ್ಕು ರೆಪ್ಕಾಳ ಸಮಾಚಾರ. ನೀನು ಕೇಳದಿದ್ದರೂ ಹೇಳುತ್ತೇನೆ. ಸಿಪ್ಪೆ ಸುಲಿದ ಗಡ್ಡೆಯ ಹಾಗಿದ್ದಾಳೆಂದು ನೀನೇ ಆ ಗಡ್ಡೆಯ ಹೆಸರಿಟ್ಟೆ. ಈಗ ಬಂದು ನೋಡು, ಗಡ್ಡೆ ಬಲಿತಿದೆ. ಹೊಟ್ಟೆಯ ಮಡಿಕೆಗಳು ಹಳ್ಳಿಯ ಮುಖ್ಯಸ್ಥನ ಕತ್ತಿನ ಮಡಿಕೆಗಳಿಗೆ ಸಮನಾಗಿವೆ. ಮೈಮೇಲೆ ಕೂದಲಿಲ್ಲದ ಪ್ರಾಣಿಗೆ ಶಾಖಕ್ಕಾಗಿಯೇ ಎರಡರಷ್ಟು ತಿನ್ನಬೇಕಾಗುತ್ತದೆ ಎಂದು ನೀನು ಹೇಳಿದ್ದು ಸುಳ್ಳಲ್ಲ. ಮೀನು ಬೇಯಿಸಿ, ಮುಳ್ಳು ಬಿಡಿಸಿ, ಉಗುರು ಬೆಚ್ಚಗಿರುವಾಗ ಕೊಡುತ್ತೇನೆ. ನನ್ನ ಪಾಲಿಗೆ ಬರುವುದು ತಲೆ ಮತ್ತು ಬಾಲ. ದಿನವೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸಬೇಕು, ಇಲ್ಲದಿದ್ದರೆ ಅವಳ ಚರ್ಮದ ಜಿಡ್ಡು ನನ್ನ ದಿಂಬಿನ ಮೇಲೆ ಕಂದು ಬಣ್ಣದ ಬೆಕ್ಕೊಂದನ್ನು ಬರೆದುಬಿಡುತ್ತದೆ. ಕಿವಿಯೊಳಗಿನ ಕೊಳೆಯನ್ನು ಬೆರಳಿಗೆ ಬಟ್ಟೆ ಸುತ್ತಿ ತೆಗೆಯುತ್ತೇನೆ. ಉಗುರಿನ ಸಂದಿಯಲ್ಲೂ ಕೊಳೆ ಕೂರುತ್ತದೆ, ಅದನ್ನು ತೆಗೆಯುವಾಗ ಮಾತ್ರ ಅವಳು ನನಗೆ ಬಯ್ಯುತ್ತಾಳೆ, ನಾನೂ ಬಯ್ಯುತ್ತೇನೆ. ಬೇಸಿಗೆ ಬಂದರೆ ಬಿಸಿಲಿಗೂ ಬಿಡುವಂತಿಲ್ಲವಂತೆ, ಮೈ ಸುಟ್ಟು ಕೆಂಪಾಗುತ್ತದಂತೆ. ಅದಕ್ಕೆ ಈಗಲೇ ಕಿಟಕಿಗೆ ಒಂದು ಪರದೆ ಹೊಲಿದಿದ್ದೇನೆ. ಹೂವಿನ ಪರದೆ. ನಗಬೇಡ.

ಶನಿವಾರ ಸ್ನಾನ. ನಾನು ಉಗಿಸ್ನಾನದ ಮನೆ ಕಾಯಿಸುವುದೂ ಶನಿವಾರವೇ, ಆದ್ದರಿಂದ ಇಬ್ಬರದೂ ಒಂದೇ ಸೌದೆಯಲ್ಲಿ ಆಗುತ್ತದೆ. ಅವಳನ್ನು ಕೆಳಗಿನ ಹಲಗೆಯ ಮೇಲೆ ತೊಟ್ಟಿಯಲ್ಲಿ ಕೂರಿಸುತ್ತೇನೆ, ಮೇಲಿನ ಹಲಗೆಯ ಉಗಿ ಗಂಡಸರಿಗೆ ಮಾತ್ರ. ಮೊದಲ ಸಲ ಡಾಂಬರು ಸಾಬೂನು ಹಾಕಿದೆ, ವಾರವಿಡೀ ಗಾಡಿಯ ಅಚ್ಚಿನ ಹಾಗೆ ನಾತ. ಎರಡನೇ ಸಲ ಚರ್ಮ ಒಡೆಯದಿರಲೆಂದು ಸೂರ್ಯಕಾಂತಿ ಎಣ್ಣೆ ಸವರಿದೆ. ಅವಳು ಒಲೆಗಟ್ಟೆಯ ಮೇಲಿಂದ ಬೆಂಚಿಗೂ ಬೆಂಚಿನಿಂದ ನೆಲಕ್ಕೂ ಜಾರಿದ್ದೇ ಜಾರಿದ್ದು. ಈಗ ಕೂಸುಗಳ ಸಾಬೂನು. ಒರೆಸಿದ ಮೇಲೆ ಅಂಗಿ ತೊಡಿಸಬೇಕು. ಅಂಗಡಿಯ ಉಣ್ಣೆ ಅವಳಿಗೆ ಚುಚ್ಚುತ್ತದೆ. ಪೆಟ್ಟಿಗೆಯಲ್ಲಿ ನನ್ನವಳ, ನಿನ್ನ ಮಾರ್ಫಾ ಅತ್ತೆಯ ಶಾಲಿತ್ತಲ್ಲ, ಮೇಕೆಯ ತುಪ್ಪುಳಿನದು, ಹಬ್ಬಕ್ಕೆ ಮಾತ್ರ ಹೊದೆಯುತ್ತಿದ್ದದ್ದು, ಅದನ್ನು ಕತ್ತರಿಸಿ ನಾಲ್ಕು ತೋಳಿನ ಅಂಗಿ ಮಾಡಿದೆ. ಮಾರ್ಫಾ ಸ್ವರ್ಗದಿಂದ ನೋಡಿ ಬೈದಿರುತ್ತಾಳೆ. ಆಮೇಲೆ ತೋಳಿನ ಹೊಲಿಗೆ ಸೊಟ್ಟಗಿದೆ ಎಂದು ಇನ್ನೊಮ್ಮೆ ಬೈದಿರುತ್ತಾಳೆ.

ಹಳ್ಳಿಯಲ್ಲಿ ಅವಳಿಂದ ನನಗೂ ಒಂದು ಗೌರವ ಬಂದಿತ್ತು. ಅಂಚೆಯವನಿಗೆ ಇವಳ ಕೂದಲನ್ನು ನಾನೇ ಒಂದೊಂದಾಗಿ ಕಿತ್ತೆನೆಂದು ಹೇಳಿದ್ದೇನೆ. ಪಾದ್ರಿಗೆ, ಇವಳು ಹರಕೆ ಹೊತ್ತಿದ್ದಾಳೆ ಎಂದೆ. ದೋಣಿಯ ಕಪ್ತಾನನಿಗೆ, ಈಜಿಪ್ಟಿನ ರಾಜಮನೆತನದ ಕೊನೆಯ ಕುಡಿ ಎಂದೆ. ಅವನು ಟೋಪಿ ತೆಗೆದ! ಎಲ್ಲರಿಗೂ ಕೊನೆಗೆ ಹೇಳಿದ್ದು ಒಂದೇ ಮಾತು: "ನಮ್ಮ ಉಲ್ಯಾ ಹೊಸ ಮನೆ ಕೊಂಡಿದ್ದಾಳೆ. ಮನೆಯೊಕ್ಕಲಿನ ದಿನ ಮೊದಲು ಹೊಸ್ತಿಲು ದಾಟೋದು ಈ ಬೆಕ್ಕು. ಇವಳನ್ನ ಕರಕೊಂಡು ಹೋಗೋದು ನಾನು." ಹೊಸ ಮನೆಗೆ ಮನುಷ್ಯರಿಗಿಂತ ಮೊದಲು ಬೆಕ್ಕು ಹೋಗಬೇಕು, ಇದು ನಮ್ಮಜ್ಜಿಯ ಅಜ್ಜಿಗೂ ಗೊತ್ತಿದ್ದ ಮಾತು. ಬೆಕ್ಕು ಎಲ್ಲಿ ಮಲಗುತ್ತದೋ ಅಲ್ಲೇ ಮಂಚ. ನಾನು ಕೋಟಿಗೆ ಇಸ್ತ್ರಿ ಹಾಕಿಸಿ ಮೊಳೆಗೆ ನೇತುಹಾಕಿದ್ದೆ. ಅವಳ ಅಂಗಿಗೂ ಕೊರಳಲ್ಲೊಂದು ಕೆಂಪು ಪಟ್ಟಿ ಹೊಲಿದಿದ್ದೆ. ನೀನೇ ಅಲ್ಲವೇ ಶರತ್ಕಾಲದಲ್ಲಿ ಅವಳನ್ನು ಬಿಟ್ಟುಹೋಗುವಾಗ ಹೇಳಿದ್ದು? ನಾನು ರೂಢಿಯಂತೆ ಜೇಬಿಗೆ ಕೈ ಹಾಕಿ ನಾಣ್ಯ ಹುಡುಕಿದೆ. ಬೆಕ್ಕನ್ನು ಪುಕ್ಕಟೆ ತೆಗೆದುಕೊಳ್ಳಬಾರದು, ನಾಣ್ಯ ಕೊಡದೆ ಬಂದ ಬೆಕ್ಕು ಮನೆಯಲ್ಲಿ ನಿಲ್ಲುವುದಿಲ್ಲ. ನೀನು ನನ್ನ ಕೈ ಹಿಡಿದುಬಿಟ್ಟೆ. "ಬೇಡ ಮಾಮ! ಕೊಟ್ಟರೆ ಅವಳು ನಿಮ್ಮವಳಾಗಿಬಿಡ್ತಾಳೆ. ನಾನು ಕೊಡ್ತಿಲ್ಲ, ಬಿಟ್ಟಿರ್ತೀನಿ ಅಷ್ಟೆ. ಮನೆ ಆದ ದಿನ ನೀವೇ ಕರಕೊಂಡು ಬರಬೇಕು." ನಾನು ನಾಣ್ಯವನ್ನು ವಾಪಸ್ ಜೇಬಿಗೆ ಹಾಕಿದೆ. ಚಳಿಗಾಲವಿಡೀ ಅವಳಿಗೂ ಅದನ್ನೇ ಹೇಳಿದೆ, ನೀನು ನನ್ನವಳಲ್ಲ, ಅಭ್ಯಾಸ ಮಾಡಿಕೊಳ್ಳಬೇಡ ಎಂದು. ಅವಳು ಕೇಳಲಿಲ್ಲ, ನನ್ನ ಕಂಕುಳಲ್ಲೇ ಮಲಗಿದಳು.

ಇನ್ನು ಇವತ್ತಿನ ಕಥೆ ಕೇಳು. ಪಕ್ಕದ ಮನೆಯ ಫ್ಯೋಕ್ಲಾಳ ವಾಸ್ಕಾ ಗೊತ್ತಲ್ಲ, ಪಟ್ಟೆ ಪಟ್ಟೆಯ ಗಂಡುಬೆಕ್ಕು, ದಿಂಬಿನಷ್ಟು ಕೂದಲು, ದಿಂಬಿನಷ್ಟೇ ಬುದ್ಧಿ. ನಿನ್ನೆಯದಲ್ಲ, ಅದರ ಹಿಂದಿನ ಶನಿವಾರ ಅವನು ಕಾಣೆಯಾದ. "ಮಾರ್ಚ್ ತಿಂಗಳಲ್ವಾ, ಹೆಣ್ಣು ಹುಡುಕ್ಕೊಂಡು ಹೋಗಿರ್ತಾನೆ. ನೀನೂ ಹೋಗ್ತಿದ್ದೆಯಲ್ಲ!" ಎಂದಳು ಫ್ಯೋಕ್ಲಾ. ಮಂಗಳವಾರ ವಾಸ್ಕಾ ಬಂದ, ಬಾಲದ ತುದಿಯಲ್ಲಿ ಹಸಿರು ಬಣ್ಣ. ನನ್ನ ಗೇಟಿಗೆ ಒರಗಿ ಮೆತ್ತಿಕೊಂಡನೆಂದು ಫ್ಯೋಕ್ಲಾ ನನ್ನ ಮೇಲೆಯೇ ರೇಗಿದಳು. ನನ್ನ ಗೇಟಿನ ಬಣ್ಣ ಒಣಗಿ ಒಂದು ತಲೆಮಾರಾಯಿತು, ಅದು ನನಗೆ ಆಗಲೇ ಹೊಳೆದಿತ್ತು. ಹೊಸವರ್ಷಕ್ಕೆ ನೀನು ಫೋನಿನಲ್ಲಿ "ಬಾಗಿಲಿಗೆ ಹಸಿರು ಹೊಡೆಸ್ತೀವಿ ಮಾಮ, ನಿಮ್ಮ ಗೇಟಿನ ಥರ" ಅಂದದ್ದೂ ನೆನಪಿತ್ತು. ಎರಡನ್ನೂ ಜೋಡಿಸಲಿಲ್ಲ. ಜೋಡಿಸಲು ಬಾರದೆ ಅಲ್ಲ. ಮನಸ್ಸು ಬರಲಿಲ್ಲ.

ಇವತ್ತು ಮಧ್ಯಾಹ್ನ ಫ್ಯೋಕ್ಲಾ ಒಂದು ತಟ್ಟೆ ಬ್ಲಿನಿ ಮಾಡಿಕೊಂಡು ಬಂದಳು. ನಾಳೆಯಿಂದ ಉಪವಾಸ, ಈ ತೆಳು ದೋಸೆಯೂ ಬೆಣ್ಣೆಯೂ ಇವತ್ತಿಗೇ ಮುಗಿಯಬೇಕು. ಬಾಗಿಲಲ್ಲೇ ಸೊಂಟ ಬಗ್ಗಿಸಿ, "ಪ್ರೊಖೋರಣ್ಣ, ತಿಳಿದೋ ತಿಳೀದೆನೋ ಮಾಡಿದ್ದನ್ನ ಕ್ಷಮಿಸಪ್ಪ" ಎಂದಳು. ಉಪವಾಸಕ್ಕೆ ಮುಂಚಿನ ಈ ದಿನ ಯಾರು ಕ್ಷಮೆ ಕೇಳಿದರೂ ಹೇಳುವುದು ಒಂದೇ ಉತ್ತರ. ಬಾಯಿ ತಾನಾಗಿ ಆಡಿತು: "ದೇವರು ಕ್ಷಮಿಸ್ತಾನೆ, ನಾನೂ ಕ್ಷಮಿಸಿದೆ." ಎಲ್ಲರೂ ಹಾಗೆಯೇ ಅನ್ನುತ್ತಾರೆ, ಯಾಕೆಂದು ಯಾರೂ ಕೇಳುವುದಿಲ್ಲ. ಅವಳು ಉಸಿರು ಬಿಟ್ಟು ಬೆಂಚಿನ ಮೇಲೆ ಕೂತಳು. "ಅಬ್ಬಾ! ಎದೆ ಹಗುರಾಯ್ತು. ಉಲ್ಯಾ ಮನೆಯೊಕ್ಕಲಿಗೆ ನಮ್ಮ ವಾಸ್ಕಾನ್ನ ಕೊಟ್ಟು ಕಳಿಸಿದ್ದೆ ಕಣಪ್ಪ." ನನ್ನ ಕೈಯಲ್ಲಿ ಬ್ಲಿನಿ ಇತ್ತು, ಬೆಣ್ಣೆ ಮೊಣಕೈವರೆಗೂ ಹರಿಯಿತು.

ಆಮೇಲೆ ಎಲ್ಲ ಹೇಳಿದಳು, ಕ್ಷಮೆ ಸಿಕ್ಕಿದವಳಿಗೆ ಭಯವೇನು? ಶನಿವಾರ ಮಧ್ಯಾಹ್ನ ಕಿರಿಲ್ ಹಿಂದಿನ ಓಣಿಯಲ್ಲಿ ಕಾರು ನಿಲ್ಲಿಸಿದನಂತೆ. ಆಲೂಗಡ್ಡೆಯ ಬುಟ್ಟಿಯಲ್ಲಿ ವಾಸ್ಕಾನನ್ನು ಒಯ್ದು, ಮಂಗಳವಾರ ತಂದುಬಿಟ್ಟನಂತೆ. ಅವನ ತಾಯಿಯ ಅಪ್ಪಣೆಯಂತೆ, "ಬೋಳು ಬೆಕ್ಕು ಮೊದಲು ಹೊಕ್ಕ ಮನೆ ಬೋಳಾಗೇ ಉಳಿಯುತ್ತೆ, ಕೂದಲಿರೋದು ಬಂದ್ರೆ ತುಂಬಿ ತುಳುಕುತ್ತೆ" ಎಂದು. ಇರಲಿ. ಅವರು ಪಟ್ಟಣದವರು, ಓದಿದವರು, ಓದಿದವರ ಮೂಢನಂಬಿಕೆ ನಮ್ಮದಕ್ಕಿಂತ ಗಟ್ಟಿ. ನಾನು ಕೇಳಿದ್ದು ಒಂದೇ, "ಉಲ್ಯಾ ಬಂದಿದ್ದಳಾ?" ಫ್ಯೋಕ್ಲಾ ತಟ್ಟೆಯನ್ನು ನೋಡಿದಳು. "ಕಾರಲ್ಲೇ ಇದ್ದಳು. ಇಳೀಲಿಲ್ಲ. ತಲೆಗೆ ಸ್ಕಾರ್ಫ್ ಕಟ್ಕೊಂಡು ನಿಮ್ಮನೆ ಕಡೆ ನೋಡ್ತಿದ್ದಳು. 'ಮಾಮನ ಮನೇಲಿ ಹೊಗೆ ಏಳ್ತಿದೆ, ಚೆನ್ನಾಗಿದಾರೆ' ಅಂದಳು."

ಉಲ್ಯಾ, ಆ ಹೊಗೆ ಏನೆಂದು ಗೊತ್ತೇ? ಶನಿವಾರ. ನಿನ್ನ ಬೆಕ್ಕಿನ ಸ್ನಾನಕ್ಕೆ ನೀರು ಕಾಯುತ್ತಿತ್ತು. ಮನೆಯೊಕ್ಕಲು ಹತ್ತಿರ ಬಂತೆಂದು ಆವತ್ತು ಕಿವಿಯ ಹಿಂದೆಲ್ಲ ಇನ್ನಷ್ಟು ತಿಕ್ಕಿದ್ದೆ. ನೀನು ಕಾರಿನ ಗಾಜಿನೊಳಗೆ, ನಾನು ಬೇಲಿಯ ಈಚೆ ಸಾಬೂನು ಕೈಯಲ್ಲಿ. ಕೂಗಿದ್ದರೆ ಕೇಳುತ್ತಿತ್ತು. ಬೋಳು ಬೆಕ್ಕು ಬೇಡವೆಂದಿದ್ದರೆ ನನಗೆ ಅರ್ಥವಾಗುತ್ತಿತ್ತು, ಅವಳಿಗೂ ಹೇಗೋ ಸಮಾಧಾನ ಹೇಳುತ್ತಿದ್ದೆ. ನಾನು ವಾಸ್ಕಾನನ್ನೇ ಹೊತ್ತು ತರುತ್ತಿದ್ದೆನಲ್ಲ, ಅದೇ ಇಸ್ತ್ರಿಯ ಕೋಟಿನಲ್ಲಿ! ಮನೆಗೆ ಬೇಡವಾದದ್ದು ಕೂದಲಿಲ್ಲದ ಬೆಕ್ಕೊಂದೇ ಅಲ್ಲವೆಂದು ಈಗ ತಿಳಿಯಿತು. ನಿನ್ನ ಗಂಡನ ಮನೆಯವರ ಮುಂದೆ ಈ ಮಾಮ ಬಾಯಿ ಬಿಟ್ಟು ಈಜಿಪ್ಟಿನ ಕಥೆ ಹೇಳಿದರೆ ಎಂಬ ಅಂಜಿಕೆ ನಿನಗೆ. ಹೇಳುತ್ತಿದ್ದೆ, ಸುಳ್ಳಾಡುವುದಿಲ್ಲ.

ಫ್ಯೋಕ್ಲಾಳನ್ನು ಸುಮ್ಮನೆ ಬಿಟ್ಟೆನೆಂದು ತಿಳಿಯಬೇಡ. ನಾನೂ ಎದ್ದು, ನಡು ಬಗ್ಗಿಸಿ, "ಫ್ಯೋಕ್ಲಾ, ತಾಯಿ, ನನ್ನನ್ನೂ ಕ್ಷಮಿಸು" ಎಂದೆ. ಅವಳು ಕಣ್ಣೊರೆಸಿಕೊಂಡು "ದೇವರು ಕ್ಷಮಿಸ್ತಾನೆ, ನಾನೂ ಕ್ಷಮಿಸಿದೆ" ಎಂದಳು. ಅದಾದ ಮೇಲೆ ಹೇಳಿದೆ. ಕ್ರಿಸ್‌ಮಸ್ಸಿಗೆ ನಾನು ಕೊಟ್ಟ ರೊಟ್ಟಿಯನ್ನು ಹೊಗಳಿ ಹೊಗಳಿ ತಿಂದಳಲ್ಲ, ಆ ಹಿಟ್ಟು ಉಬ್ಬಲು ಒಲೆಯ ಪಕ್ಕ ಇಟ್ಟಾಗ ರೆಪ್ಕಾ ಬೆಚ್ಚಗಿದೆಯೆಂದು ರಾತ್ರಿಯೆಲ್ಲ ಅದರಲ್ಲೇ ಮಲಗಿದ್ದಳು. ಬರಿಮೈಯಲ್ಲಿ. ಎತ್ತಿದಾಗ ಹಿಟ್ಟಿನಲ್ಲಿ ಅವಳ ಪೃಷ್ಠದ ಅಚ್ಚು ಅಚ್ಚುಕಟ್ಟಾಗಿ ಬಿದ್ದಿತ್ತು. "ಥೂ, ಮುದಿ ದೆವ್ವ! ಅದಕ್ಕೇ ಅಷ್ಟು ಮೆತ್ತಗಿತ್ತಾ!" ಎಂದು ಫ್ಯೋಕ್ಲಾ ತಟ್ಟೆ ಕಿತ್ತುಕೊಂಡು ಹೋದಳು. ಮಾತು ಕೊಟ್ಟಾಗಿತ್ತು, ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಹಾಗೆ ನನ್ನದೂ ಅವಳದೂ ಸರಿಹೋಯಿತು.

ನಿನ್ನ ಲೆಕ್ಕ ಬೇರೆ. ಇವತ್ತು ಕತ್ತಲಾಗುವವರೆಗೂ ಫೋನಿನ ಪಕ್ಕ ಕೂತಿದ್ದೆ. ವರ್ಷಕ್ಕೊಮ್ಮೆ ಈ ದಿನ ನೀನು ಎಲ್ಲಿದ್ದರೂ "ಕ್ಷಮಿಸಿ ಮಾಮ" ಅನ್ನುತ್ತಿದ್ದೆ, ಲೋಟ ಒಡೆದ ತಪ್ಪಿಗೂ ಒಡೆಯದ ತಪ್ಪಿಗೂ. ಈ ವರ್ಷ ಫೋನು ಬಾಯಿ ಬಿಡಲಿಲ್ಲ. ಮಾಡಿದರೂ ನಾನು ಈ ಸಲ ಎಚ್ಚರವಾಗಿದ್ದೇನೆ, ಮೊದಲು ಏತಕ್ಕೆಂದು ಹೇಳಿಸಿ ಆಮೇಲೆ ಉತ್ತರ ಕೊಡುತ್ತೇನೆ. ರೆಪ್ಕಾ ಈಗ ನನ್ನ ಮೊಣಕಾಲ ಮೇಲಿದ್ದಾಳೆ, ಕೆಂಪು ಪಟ್ಟಿಯ ಅಂಗಿಯಲ್ಲೇ. ಬಿಚ್ಚಲು ಹೋದರೆ ಬಿಡಲಿಲ್ಲ. ಹಬ್ಬಕ್ಕೆ ಹೊರಟವಳ ಹಾಗೆ ಬಾಗಿಲನ್ನೇ ನೋಡುತ್ತಾಳೆ.

ನಿನ್ನ ಮನೆ ಹಾಲು ಬೆಣ್ಣೆಯಲ್ಲಿ ತುಂಬಿರಲಿ. ಛಾವಣಿ ಸೋರದಿರಲಿ, ಅಕ್ಕಪಕ್ಕದವರು ಫ್ಯೋಕ್ಲಾಳಂಥವರಾಗದಿರಲಿ. ಕಿರಿಲ್ಲನಿಗೆ ನನ್ನ ನಮಸ್ಕಾರ ಹೇಳು. ಅವನ ತಾಯಿಗೆ ಹೇಳಬೇಕಿಲ್ಲ.

ಕ್ಷಮಿಸಬೇಕೆಂದಿರುವ, ಇನ್ನೂ ಕ್ಷಮಿಸದ
ನಿನ್ನ ಸೋದರಮಾವ
ಪ್ರೊಖೋರ್

ಮರೆತಿದ್ದೆ: ಕ್ಷಮೆ ಕೇಳಲು ಬಂದ ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ನಾಳೆ ಬೆಳಗಿನ ಚೀಲಕ್ಕೆ ಹಾಕುತ್ತಾನಂತೆ. ಲಕೋಟೆಯ ಮೂಲೆಯಲ್ಲಿ ಗಟ್ಟಿಯಾಗಿ ಸಿಗುವುದು ಶಾಲಿನ ಚೂರಿನಲ್ಲಿ ಸುತ್ತಿದ ನಾಣ್ಯ. ಶರತ್ಕಾಲದಲ್ಲಿ ನೀನು ಬೇಡವೆಂದು ಕೈ ಹಿಡಿದೆಯಲ್ಲ, ಅದೇ. ಅದನ್ನು ನೀನು ಇಟ್ಟುಕೊಂಡರೆ ರೆಪ್ಕಾ ನನ್ನವಳು, ಮತ್ತೆ ಕೇಳುವಂತಿಲ್ಲ. ಅಂಚೆಯಲ್ಲಿ ವಾಪಸ್ ಕಳಿಸಬೇಡ, ತೆಗೆದುಕೊಳ್ಳುವುದಿಲ್ಲ. ಕೈಯಲ್ಲಿ ಹಿಡಿದು ತಂದರೆ ನೋಡೋಣ. ಶನಿವಾರ ಬಾ, ನೀರು ಕಾದಿರುತ್ತದೆ. ಮುಂದಿನ ಗೇಟಿನಿಂದ.